ದಾವಣಗೆರೆಯ ಇಟಾಲಿಯನ್ ವೈನ್ ಬಾರ್: ಬ್ರೆಡ್ ಗರಿಗರಿ, ವೈನ್ ಬಿಸಿಬಿಸಿ

ಊರಲ್ಲಿ ಇಟಾಲಿಯನ್ ವೈನ್ ಬಾರ್ ಶುರುವಾಗಿದೆ ಅಂದಾಗ, ಬೋರ್ಡ್ ಮಾತ್ರ ಇಟಲಿದು, ಒಳಗೆ ಅದೇ ಗೋಬಿ ಮಂಚೂರಿ ಇರುತ್ತೆ ಅಂದವರೇ ಜಾಸ್ತಿ. ಹಾಗೇನಿಲ್ಲ. ಮೆನು ಒಂದೇ ಹಾಳೆ. ಗೋಬಿ ಇಲ್ಲ, ಪನೀರ್ ಟಿಕ್ಕಾ ಪಿಜ್ಜಾ ಒಂದು ಮಾತ್ರ ಕೊನೆಯಲ್ಲಿ ನಾಚಿಕೊಂಡು ಕೂತಿದೆ, ಅದಕ್ಕೆ ಮಾಫಿ. ಹೇಳಬೇಕಾದ ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ.

ಹೋಗಿದ್ದು ನಾನು, ನನ್ನ ಹೆಂಡತಿ, ಅಕ್ಕ, ಭಾವ. ಅಕ್ಕ ಕುಡಿಯುವುದಿಲ್ಲ, ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಭಾವನದು ವಿಸ್ಕಿ ಪಾರ್ಟಿ. ಅಂದರೆ ಇಟಾಲಿಯನ್ ವೈನ್ ಬಾರಿಗೆ ಇದಕ್ಕಿಂತ ಕಷ್ಟದ ಟೇಬಲ್ ಸಿಗುವುದಿಲ್ಲ.

ಮೊದಲು ವೈನ್. ಇಟಲಿಯಿಂದ ಬಂದ ಚಿಯಾಂಟಿ ಅನ್ನುವ ಕೆಂಪು ವೈನ್, ಪ್ರೊಸೆಕೊ ಅನ್ನುವ ಗುಳ್ಳೆ ಏಳುವ ವೈನ್ ಎರಡೂ ಇವೆ, ಆದರೆ ಪೂರ್ತಿ ಬಾಟಲಿ ತೆಗೆಸಬೇಕು, ಒಂದೊಂದೂ 4,000 ರೂಪಾಯಿ ಮೇಲೆ. ಗ್ಲಾಸ್ ಲೆಕ್ಕದಲ್ಲಿ ಸಿಗುವುದು ನಮ್ಮ ದೇಶದ್ದೇ, ಗ್ಲಾಸಿಗೆ 450. ಇದನ್ನು ನೋಡಿ ಮುಖ ಸಿಂಡರಿಸಬೇಡಿ. ಚಿಯಾಂಟಿಗೆ ಬಳಸುವ ಮುಖ್ಯ ದ್ರಾಕ್ಷಿ ಸಾಂಜೊವೇಸೆ, ಚಿಯಾಂಟಿ ಕ್ಲಾಸಿಕೊ ಅಂತ ಬರೆದಿದ್ದರೆ ಅದರಲ್ಲಿ ಕನಿಷ್ಠ ಶೇ. 80 ಅದೇ ಇರಬೇಕು ಅಂತ ಅಲ್ಲಿನ ನಿಯಮ. ಅದೇ ದ್ರಾಕ್ಷಿಯನ್ನು ವಿಜಯಪುರ ದಾಟಿದರೆ ಸಿಗುವ ಸೊಲ್ಲಾಪುರ ಜಿಲ್ಲೆಯ ಅಕ್ಲೂಜ್‌ನಲ್ಲಿ ಫ್ರಾಟೆಲ್ಲಿ ಅನ್ನುವ ವೈನ್ ಕಂಪನಿಯವರು ಬೆಳೆಯುತ್ತಾರೆ, ಆ ಕಂಪನಿಯಲ್ಲಿ ಇಟಲಿಯ ಅಣ್ಣತಮ್ಮಂದಿರೂ ಪಾಲುದಾರರು. ಇಲ್ಲಿ ಗ್ಲಾಸಿಗೆ ಬರುವುದು ಆ ಸಾಂಜೊವೇಸೆ. ದುಡ್ಡಿಗೆ ಮೋಸವಿಲ್ಲ.

ಆದರೆ ಇಟ್ಟ ರೀತಿ ನೋಡಬೇಕು! ಬಾಟಲಿಗಳನ್ನೆಲ್ಲ ಗೋಡೆಯ ಶೆಲ್ಫಿನಲ್ಲಿ ಜೋಡಿಸಿ, ಮೇಲೆ ಹಳದಿ ಲೈಟ್ ಬಿಟ್ಟಿದ್ದಾರೆ. ಫೋಟೊಗೆ ಚೆಂದ. ಹೊರಗೆ ದಾವಣಗೆರೆಯ ಏಪ್ರಿಲ್, ಸಂಜೆ ಏಳಾದರೂ ಗೋಡೆ ಕಾವು ಬಿಡುತ್ತಿರುತ್ತೆ. ಗ್ಲಾಸ್ ಕೈಗೆ ತಗೊಂಡರೆ ಉಗುರುಬೆಚ್ಚಗೆ. ಕೆಂಪು ವೈನನ್ನು ರೂಮ್ ಟೆಂಪರೇಚರ್‌ನಲ್ಲಿ ಕೊಡಬೇಕು ಅನ್ನುವುದು ಯುರೋಪಿನ ತಣ್ಣನೆ ಮನೆಗಳ ಲೆಕ್ಕ, ಅಂದರೆ 16ರಿಂದ 18 ಡಿಗ್ರಿ. ನಮ್ಮ ರೂಮಿನ ಟೆಂಪರೇಚರ್ ಯಾವ ಕಾಲಕ್ಕೆ 18 ಇತ್ತು ಹೇಳಿ? ಬೆಚ್ಚಗಾದರೆ ಹಣ್ಣಿನ ರುಚಿ ಮುಚ್ಚಿಹೋಗಿ ಬರೀ ಸ್ಪಿರಿಟ್ ಮೂಗಿಗೆ ಹೊಡೆಯುತ್ತೆ.

ತಣ್ಣಗೆ ಮಾಡಿ ಕೊಡಪ್ಪ ಅಂದರೆ ಹುಡುಗ ಒಂದು ಬಟ್ಟಲಲ್ಲಿ ಐಸ್ ತುಂಡು, ಇಕ್ಕಳ ಹಿಡಿದು ಬಂದ, "ಎಷ್ಟು ಹಾಕ್ಲಿ ಅಣ್ಣಾ?" ಅಂತ. ಪಾಪ, ಅವನ ತಪ್ಪಲ್ಲ, ಹೇಳಿಕೊಟ್ಟವರು ಯಾರೂ ಇಲ್ಲ. ಬಕೆಟ್ಟಿಗೆ ಐಸ್ ಜೊತೆ ನೀರನ್ನೂ ಹಾಕಿ, ಬಾಟಲಿ ಕತ್ತಿನವರೆಗೆ ಮುಳುಗಿಸಿಡು, ಕಾಲು ಗಂಟೆ ಸಾಕು ಅಂದೆವು. ಬರೀ ಐಸಿಗಿಂತ ಐಸ್ ನೀರಲ್ಲಿ ಬೇಗ ತಣಿಯುತ್ತೆ. ಆಮೇಲೆ ಬಂದ ಗ್ಲಾಸ್ ಬೇರೆಯೇ ವೈನ್ ಅನ್ನಿಸಿತು. ಹುಳಿ ಚೆರ್ರಿಯ ವಾಸನೆ, ನಾಲಿಗೆಯ ಅಂಚಲ್ಲಿ ಚುರುಕು, ಕೊನೆಗೆ ಸ್ವಲ್ಪ ಒಗರು.

ಭಾವ ಒಂದು ಗುಟುಕು ಕುಡಿದು, "ಏನಪ್ಪಾ ಇದು, ಬರೀ ಹುಳಿ" ಅಂದರು. "ತಡೀರಿ ಭಾವ, ಬ್ರೆಡ್ ಬರಲಿ" ಅಂದೆ.

ಬ್ರೆಡ್ ಬಂತು. ಬ್ರುಸ್ಕೆಟ್ಟಾ, 280 ರೂಪಾಯಿಗೆ ನಾಲ್ಕು ತುಂಡು. ಇಡೀ ಸಂಜೆಯಲ್ಲಿ ಎದ್ದು ನಿಂತ ತಿಂಡಿ ಇದೇ. ಬ್ರೆಡ್ ಅಲ್ಲೇ ಮಾಡುತ್ತಾರೆ. ದಪ್ಪಗೆ ಕೊಯ್ದು ಎರಡೂ ಕಡೆ ಕಪ್ಪು ಗೆರೆ ಬೀಳುವ ಹಾಗೆ ಸುಟ್ಟು, ಬಿಸಿ ಇರುವಾಗಲೇ ಹಸಿ ಬೆಳ್ಳುಳ್ಳಿ ಎಸಳನ್ನು ಮೇಲೆ ಉಜ್ಜಿದ್ದಾರೆ. ಸುಟ್ಟ ಬ್ರೆಡ್ಡಿನ ಒರಟು ಮೈಗೆ ಬೆಳ್ಳುಳ್ಳಿ ಸವೆದು ಕೂತಿರುತ್ತೆ, ತುಂಡು ಕಾಣುವುದಿಲ್ಲ, ಘಾಟು ಮಾತ್ರ ಇರುತ್ತೆ. ಅದರ ಮೇಲೆ ಉಪ್ಪು ಹಚ್ಚಿದ ನಾಟಿ ಟೊಮೆಟೊ, ಎರಡು ಎಲೆ ಬೇಸಿಲ್, ಆಲಿವ್ ಎಣ್ಣೆ. ಮೇಲೆ ರಸ ಇಳಿದು ಮೆತ್ತಗಾಗಿದ್ದರೂ ತಳ ಕರುಕುರು ಅಂತಿತ್ತು. ಟೊಮೆಟೊದ ಹುಳಿ ಬಾಯಲ್ಲಿದ್ದಾಗ ವೈನಿನ ಹುಳಿ ಗೊತ್ತೇ ಆಗುವುದಿಲ್ಲ, ಒಳಗಿನ ಹಣ್ಣಿನ ರುಚಿ ಮುಂದೆ ಬರುತ್ತೆ. ಭಾವ ಮಾತಾಡದೆ ಇನ್ನೊಂದು ಪ್ಲೇಟ್ ಹೇಳಿದರು.

ಇದರ ಜೊತೆ ಟೇಬಲ್ ಮೇಲೆ ಸುಮ್ನೆ ಇಡುವುದು ಆಲಿವ್ ಮತ್ತು, ನಮ್ಮೂರಲ್ಲವಾ, ಒಂದು ಬಟ್ಟಲು ಖಾರ ಮಂಡಕ್ಕಿ. ಯೋಚನೆ ಚೆನ್ನಾಗಿದೆ, ಜೋಡಿ ಸರಿಯಿಲ್ಲ. ಖಾರದ ಬಾಯಿಗೆ ಕೆಂಪು ವೈನ್ ಬಿದ್ದರೆ ಉರಿ ಏರುತ್ತೆ, ಒಗರೂ ಜಾಸ್ತಿಯಾಗುತ್ತೆ. ನನ್ನ ಹೆಂಡತಿ ತಗೊಂಡಿದ್ದ ನಾಸಿಕ್ ಕಡೆಯ ಸ್ಪಾರ್ಕ್ಲಿಂಗ್, ಅಂದರೆ ಗುಳ್ಳೆ ಏಳುವ ವೈನ್, ತಣ್ಣಗಿತ್ತು, ಮಂಡಕ್ಕಿಗೆ ಹೇಳಿ ಮಾಡಿಸಿದ ಹಾಗೆ ಹೊಂದಿತು.

ಟೊಮೆಟೊ, ಮೊಝರೆಲ್ಲಾ ಚೀಸ್, ಬೇಸಿಲ್ ಜೋಡಿಸಿ ಕೊಡುವ ಕ್ಯಾಪ್ರೆಸೆ ಸಲಾಡ್ ಬೇಡ. ಮೊಝರೆಲ್ಲಾ ಫ್ರಿಜ್ಜಿಂದ ನೇರ ಪ್ಲೇಟಿಗೆ ಬಂದಿತ್ತು, ಹಲ್ಲಿಗೆ ರಬ್ಬರ್. ವೈನ್ ಇರಬೇಕಾದ ಜಾಗದಲ್ಲಿ ಚೀಸ್, ಚೀಸ್ ಇರಬೇಕಾದ ಜಾಗದಲ್ಲಿ ವೈನ್ ಇಟ್ಟಿದ್ದಾರೆ ಅಷ್ಟೇ. ನೇಪಲ್ಸ್ ಇರುವ ಕಂಪಾನಿಯಾದಲ್ಲಿ ಹೆಸರುವಾಸಿ ಮೊಝರೆಲ್ಲಾ ಮಾಡುವುದೇ ಎಮ್ಮೆ ಹಾಲಿಂದ. ನಮ್ಮ ಸುತ್ತಿನ ಹಳ್ಳಿಗಳಲ್ಲಿ ಎಮ್ಮೆ ಹಾಲಿಗೆ ಬರವಾ? ಇವರದು ಮಾತ್ರ ಪ್ಯಾಕೆಟ್ಟಿನ ಹಸುವಿನ ಹಾಲಿಂದು.

ಚೀಸಿನ ವಿಷಯದಲ್ಲಿ ಸಸ್ಯಾಹಾರಿಗಳು ಒಂದು ಕೇಳಿಕೊಳ್ಳಿ. ಪಾಸ್ತಾ ಮೇಲೆ ತುರಿದು ಹಾಕುವ ಗಟ್ಟಿ ಚೀಸ್, ಅಸಲಿ ಪಾರ್ಮಿಜಾನೊ ರೆಜಾನೊ ಮಾಡುವಾಗ ಹಾಲು ಒಡೆಸಲು ಕರುವಿನ ಹೊಟ್ಟೆಯಿಂದ ತೆಗೆದ ರೆನೆಟ್ ಹಾಕುತ್ತಾರೆ, ಅದು ಅಲ್ಲಿನ ಕಟ್ಟುಪಾಡು. ಅಕ್ಕ ಕೇಳಿದ್ದಕ್ಕೆ ಹುಡುಗ ಅಡುಗೆಮನೆಗೆ ಹೋಗಿ ಪ್ಯಾಕೆಟ್ಟನ್ನೇ ತಂದು ತೋರಿಸಿದ. ಹಸಿರು ಚುಕ್ಕಿ ಇತ್ತು, ಭಾರತದಲ್ಲೇ ಮಾಡಿದ್ದು. ಇದು ಮೆಚ್ಚುವ ಕೆಲಸ.

ಅಕ್ಕ ತಿಂದಿದ್ದು ಆಲ್ಯೊ ಎ ಓಲ್ಯೊ ಸ್ಪಗೆಟ್ಟಿ. ಬೆಳ್ಳುಳ್ಳಿ, ಎಣ್ಣೆ, ಒಣಮೆಣಸಿನಕಾಯಿ, ಅಷ್ಟೇ. "ಒಗ್ಗರಣೆ ಶಾವಿಗೆ ಇದ್ದಂಗೈತಿ" ಅಂತ ಪ್ಲೇಟ್ ಖಾಲಿ ಮಾಡಿದಳು. ನಡುವೆ ಸ್ವಲ್ಪ ಕಚ್ಚುವ ಹಾಗೆ ಬೇಯಿಸಿದ್ದರು, ಅದೇ ಸರಿ. ಪಕ್ಕದ ಟೇಬಲ್ಲಿನವರು ಬೆಂದಿಲ್ಲ ಅಂತ ವಾಪಸ್ ಕಳಿಸಿದರು. ಇಂಥವರಿಗೆ ಹೆದರಿಯೇ ಇರಬೇಕು, ಕಾರ್ಬೊನಾರಾವನ್ನು ಕೆಡಿಸಿಟ್ಟಿದ್ದಾರೆ. ರೋಮಿನ ಈ ಪಾಸ್ತಾಕ್ಕೆ ಮೊಟ್ಟೆಯ ಹಳದಿ, ಪೆಕೊರಿನೊ ಚೀಸ್, ಹಂದಿಯ ಕೆನ್ನೆಯ ಮಾಂಸ, ಕಾಳುಮೆಣಸು. ಕೆನೆ ಹಾಕುವುದಿಲ್ಲ. ಇಲ್ಲಿ ಬಂದದ್ದು ಕೆನೆ, ಅಣಬೆ, ಮತ್ತೆ ಕೆನೆ. ಮೊಟ್ಟೆ ಬೇಡ, ಹಂದಿ ಬೇಡ ಅಂತಿದ್ದರೆ ಮಶ್ರೂಮ್ ಪಾಸ್ತಾ ಅಂತ ಬರೆಯಲಿ, ಯಾರು ಬೇಡ ಅಂತಾರೆ. 420 ರೂಪಾಯಿ ದಂಡ.

ಕೊನೆಗೆ ಸಿಹಿಗೆ ತಿರಮಿಸು ತಗೊಳ್ಳಿ, ಕಾಫಿಯಲ್ಲಿ ಅದ್ದಿದ ಬಿಸ್ಕತ್ತು, ಕೆನೆಯಂಥ ಚೀಸ್ ಪದರ ಪದರವಾಗಿ ಇರುವ ಇಟಲಿಯ ಸಿಹಿ. ಮೊಟ್ಟೆ ಇಲ್ಲ, ರಮ್ಮೂ ಇಲ್ಲ, ಬಿಸ್ಕತ್ತನ್ನು ಫಿಲ್ಟರ್ ಡಿಕಾಕ್ಷನ್ನಲ್ಲಿ ಅದ್ದಿದ್ದಾರೆ. ಎಸ್ಪ್ರೆಸೊ ಹಾಕಬೇಕಿತ್ತು ಅನ್ನುವವರು ಅನ್ನಲಿ, ನನಗೆ ಇದೇ ಇಷ್ಟವಾಯಿತು. ಸಿಹಿ ಕಡಿಮೆ, ಕಹಿ ಸರಿಯಾಗಿ.

ಮ್ಯೂಸಿಕ್ ಜೋರು, ಕಿಟಕಿ ಪಕ್ಕದ ಟೇಬಲ್ ಕೇಳಿ. ಬಿಲ್ಲಿಗೆ ಶೇ. 10 ಸರ್ವಿಸ್ ಚಾರ್ಜ್ ಸೇರಿಸಿದ್ದರು, ಕೇಳಿದ ಕೂಡಲೇ ತೆಗೆದರು. ತಾನಾಗಿ ಸೇರಿಸುವಂತಿಲ್ಲ ಅಂತ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ 2022ರ ಜುಲೈನಲ್ಲೇ ಹೇಳಿದೆ, ಹಾಗಾಗಿ ಸಂಕೋಚ ಬೇಡ. ಆ ದುಡ್ಡಲ್ಲಿ ಸ್ವಲ್ಪವನ್ನು ಹುಡುಗನ ಕೈಗೇ ಕೊಟ್ಟೆವು. ಕಾರನ್ನು ಅಕ್ಕ ಓಡಿಸಿದಳು.

ಹೋಗುವವರು ಬ್ರುಸ್ಕೆಟ್ಟಾ, ಸಾಂಜೊವೇಸೆ ಹೇಳಿ, ಬಾಟಲಿ ಯಾವತ್ತು ಓಪನ್ ಮಾಡಿದ್ದು ಅಂತ ಮೊದಲು ಕೇಳಿ, ನಿನ್ನೆಗಿಂತ ಹಳೇದಾದರೆ ಬೇರೆ ತೆಗೆಸಿ. ವೈನಿಗೆ ಅಂತಲೇ ಒಂದು ಫ್ರಿಜ್ ತರಿಸುತ್ತೇವೆ ಅಂತ ಮ್ಯಾನೇಜರ್ ಹೇಳಿದ್ದಾರೆ. ಅದು ಬರುವವರೆಗೆ ಶೆಲ್ಫಿನಲ್ಲಿ ಬೇಯುತ್ತಿರುವ ಆ 4,000 ರೂಪಾಯಿಯ ಚಿಯಾಂಟಿಗೆ ಕೈ ಹಾಕಬೇಡಿ.