ಮನೆ ಬ್ರೆಡ್‌ಗೆ ಗ್ಲುಟನ್ ಪುಡಿಯಾ, ಬ್ರೆಡ್ ಫ್ಲೋರಾ?

ವಾರಕ್ಕೊಂದು ಬಿಳಿ ಬ್ರೆಡ್ ಮಾಡುವವರಿಗೆ ಬ್ರೆಡ್ ಫ್ಲೋರ್ (ಬ್ರೆಡ್‌ಗೆಂದೇ ಬರುವ, ಹೆಚ್ಚು ಪ್ರೋಟೀನಿನ ಗೋಧಿ ಹಿಟ್ಟು) ಸುಲಭ. ಪ್ರೋಟೀನ್ ಸಾಮಾನ್ಯವಾಗಿ 12–14%, ಬೇರೇನೂ ಬೆರೆಸಬೇಕಿಲ್ಲ. ಆದರೆ ಬೆಂಗಳೂರಿನ ಎಲ್ಲ ಕಿರಾಣಿ ಅಂಗಡಿಯಲ್ಲೂ ಸಿಗಲ್ಲ, ಬೆಲೆಯೂ ಮೈದಾಗಿಂತ ಜಾಸ್ತಿ.

ನನ್ನ ಓಟು ಗ್ಲುಟನ್ ಪುಡಿಗೆ. ಗ್ಲುಟನ್ ಅಂದರೆ ಕಣಕಕ್ಕೆ ಎಳೆತ ಕೊಡುವ ಗೋಧಿಯ ಪ್ರೋಟೀನ್. ಅದರಲ್ಲಿ ಸುಮಾರು 75% ಪ್ರೋಟೀನ್ ಇರುತ್ತದೆ. 10% ಪ್ರೋಟೀನ್ ಇರುವ ಅರ್ಧ ಕೆಜಿ ಮೈದಾಗೆ 20 ಗ್ರಾಂ ಬೆರೆಸಿದರೆ 12.5% ಆಗುತ್ತದೆ. ಗೋಧಿ ಹಿಟ್ಟಿಗಂತೂ ಇದು ಬೇಕೇ ಬೇಕು, ಏಕೆಂದರೆ ತವುಡು ಗ್ಲುಟನ್ ಎಳೆಗಳನ್ನು ಕತ್ತರಿಸುತ್ತದೆ. ಒಣ ಹಿಟ್ಟಿಗೇ ಬೆರೆಸಿ. ನೇರವಾಗಿ ನೀರಿಗೆ ಹಾಕಿದರೆ ರಬ್ಬರಿನಂಥ ಗಂಟು ಕಟ್ಟುತ್ತದೆ. ನೀರೂ ಸ್ವಲ್ಪ ಜಾಸ್ತಿ ಬೇಕು. ನಾದಿದ ಮೈದಾ ಕಣಕ ಹರಿಯದೆ, ಬೆಳಕು ಕಾಣುವಷ್ಟು ತೆಳ್ಳಗೆ ಎಳೆಯಲು ಬಂದರೆ ಸಾಕು. ಪುಡಿ ಅತಿಯಾದರೆ ಬ್ರೆಡ್ ಜಗಿಯೋಕೆ ಕಷ್ಟ.