ಎರಡು ದಿನದ ಪ್ರೊ ಕಂಬೈನ್: ಸಣ್ಣ ಕಾಲೇಜಿನ ಸಾಕರ್ ಹುಡುಗನಿಗೆ ಕೊಟ್ಟ ದುಡ್ಡು ಗಿಟ್ಟುತ್ತದೆಯೇ?

ಅಮೆರಿಕದಲ್ಲಿ ಕಾಲೇಜು ಸಾಕರ್ ಸೀಸನ್ ಮುಗಿಯುವ ಹೊತ್ತಿಗೆ ಕೊನೇ ವರ್ಷದ ಆಟಗಾರರಿಗೆಲ್ಲ ಒಂದೇ ಥರದ ಮೇಲ್ ಬರತೊಡಗುತ್ತದೆ. ಎರಡು ದಿನದ ಕಂಬೈನ್, ಅಂದರೆ ವೃತ್ತಿಪರ ಕ್ಲಬ್ಬಿನವರ ಎದುರು ಆಡಿ ತೋರಿಸುವ ಆಯ್ಕೆ ಶಿಬಿರ, ಕೆಳಗೆ ಸಾಲಾಗಿ ಕ್ಲಬ್ಬುಗಳ ಲೋಗೊ, ಶುಲ್ಕ ಕೆಲವು ನೂರು ಡಾಲರ್. ಕಾಲೇಜು ಕ್ರೀಡೆಯ ಮೇಲಿನ ದರ್ಜೆಯಾದ ಡಿವಿಷನ್ 1ರ ಹೆಸರಾಂತ ತಂಡಗಳ ಹುಡುಗರಿಗೆ ಇದರ ಹಂಗಿಲ್ಲ, ಅವರ ಪಂದ್ಯಗಳಿಗೆ ಕ್ಲಬ್ಬುಗಳಿಗಾಗಿ ಆಟಗಾರರನ್ನು ಹುಡುಕುವ ಸ್ಕೌಟುಗಳೇ ಬರುತ್ತಾರೆ. ಕಾರ್ಡ್ ತೆಗೆದು ದುಡ್ಡು ಕಟ್ಟುವವರು ಅದರ ಕೆಳಗಿನ ಡಿವಿಷನ್ 2, ಡಿವಿಷನ್ 3 ಮತ್ತು ಎನ್‌ಎಐಎ (ಸಣ್ಣ ಕಾಲೇಜುಗಳ ಬೇರೊಂದು ಕ್ರೀಡಾ ಒಕ್ಕೂಟ) ಕಾಲೇಜುಗಳ ಹುಡುಗರು, ಅಥವಾ ಅವರ ಅಪ್ಪ ಅಮ್ಮ. ಈ ವಿಮರ್ಶೆ ಯಾವುದೋ ಒಂದು ಕಂಪನಿಯದ್ದಲ್ಲ, ಈ ಸೇವೆಯದ್ದೇ. ಸಂಘಟಕರು ಬದಲಾದರೂ ಎರಡು ದಿನದ ಅಡುಗೆ ಹೆಚ್ಚುಕಡಿಮೆ ಒಂದೇ.

ಮೊದಲೇ ಒಂದು ಗೊಂದಲ ಬಿಡಿಸಿಬಿಡೋಣ. ಅಮೆರಿಕದ ಅಗ್ರ ವೃತ್ತಿಪರ ಸಾಕರ್ ಲೀಗ್ ಆದ ಎಂಎಲ್‌ಎಸ್ ತಾನೇ ನಡೆಸುವ ಕಾಲೇಜ್ ಶೋಕೇಸ್‌ಗೆ ಆಹ್ವಾನ ಬರಬೇಕು, ದುಡ್ಡು ಕಟ್ಟಿ ಒಳಹೋಗುವ ದಾರಿ ಅಲ್ಲಿಲ್ಲ. ಜಾಹೀರಾತಿನಲ್ಲಿ ಎಂಎಲ್‌ಎಸ್ ಎಂಬ ಮೂರಕ್ಷರ ಎಷ್ಟೇ ದಪ್ಪಗಿದ್ದರೂ ಶುಲ್ಕ ಕೇಳಿದರೆ ಅದು ಖಾಸಗಿ ವ್ಯವಹಾರ. ಖಾಸಗಿ ಎಂದ ಮಾತ್ರಕ್ಕೆ ಮೋಸವೆಂದು ಅರ್ಥವಲ್ಲ. ಆದರೆ ಏನು ಕೊಳ್ಳುತ್ತಿದ್ದೇವೆ ಅನ್ನುವುದು ಗೊತ್ತಿರಬೇಕು.

ಮೊದಲ ದಿನ ಬೆಳಿಗ್ಗೆ ಅಳತೆಗಳು: 30 ಮೀಟರ್ ಓಟ, 5-10-5 ಶಟಲ್ (5, 10, 5 ಗಜ ದಿಕ್ಕು ಬದಲಿಸಿ ಓಡುವುದು), ನಿಂತಲ್ಲಿಂದಲೇ ಮೇಲಕ್ಕೆ ಜಿಗಿತ, ಕೊನೆಗೆ ದಮ್ಮು ಅಳೆಯುವ ಯೋ-ಯೋ ಓಟ. ಮಧ್ಯಾಹ್ನ ಒಂದು ಪಂದ್ಯ, ಮರುದಿನ ಒಂದೋ ಎರಡೋ. 5-10-5 ಅಮೆರಿಕನ್ ಫುಟ್‌ಬಾಲ್‌ನಿಂದ ಎತ್ತಿಕೊಂಡ ಪರೀಕ್ಷೆ, ಸಾಕರ್ ಕೋಚುಗಳು ಅದರ ಅಂಕಿಗೆ ಹೆಚ್ಚು ಬೆಲೆ ಕೊಡುವುದಿಲ್ಲ. 30 ಮೀಟರಿನ ಸಮಯಕ್ಕೆ ಬೆಲೆ ಇದೆ, ಸಮಯವನ್ನು ತಾನೇ ಹಿಡಿಯುವ ಎಲೆಕ್ಟ್ರಾನಿಕ್ ಗೇಟ್ ಇದ್ದರೆ. ಕೈಯಲ್ಲಿ ಸ್ಟಾಪ್‌ವಾಚ್ ಒತ್ತಿ ಅಳೆದ ಸಮಯ ಸುಮಾರು 0.2 ಸೆಕೆಂಡು ಕಡಿಮೆ ತೋರಿಸುತ್ತದೆ. ಅದು ಸ್ಕೌಟಿಗೂ ಗೊತ್ತು, ಮನಸ್ಸಿನಲ್ಲೇ ಕೂಡಿಸಿಕೊಳ್ಳುತ್ತಾನೆ. ಯೋ-ಯೋ ಲೆವೆಲ್ 1ರಲ್ಲಿ 20 ಮೀಟರ್ ಹೋಗಿ 20 ಮೀಟರ್ ಬರಬೇಕು, ನಡುವೆ 10 ಸೆಕೆಂಡು ಬಿಡುವು, ಬೀಪಿಗೆ ಎರಡು ಸಲ ತಪ್ಪಿದರೆ ಆಟ ಮುಗಿಯಿತು. ಅಂತರರಾಷ್ಟ್ರೀಯ ಮಟ್ಟದ ಗಂಡಸರು 2400 ಮೀಟರಿನ ಆಸುಪಾಸು ಓಡುತ್ತಾರೆ. ಹೀಗೆ ಯೋ-ಯೋವನ್ನು ಪಂದ್ಯಕ್ಕೆ ಮುಂಚೆಯೇ ಇಟ್ಟಿರುವುದರಿಂದ ಹುಷಾರು. ಬೆಳಿಗ್ಗೆ ಅಂಕಿಗಾಗಿ ಜೀವ ತೇಯ್ದವನು ಮಧ್ಯಾಹ್ನ ಪಂದ್ಯದಲ್ಲಿ ಪುಟಿದು ಬಿದ್ದ ಚೆಂಡಿಗೆ ಒಂದು ಹೆಜ್ಜೆ ತಡವಾಗುತ್ತಾನೆ, ಸ್ಕೌಟು ನೋಡುವುದು ಆ ಹೆಜ್ಜೆಯನ್ನೇ.

ಈಗ ಲೆಕ್ಕ. 88 ಜನ ಸೇರಿದ್ದಾರೆ, ಮೈದಾನ ಎರಡು, 35 ನಿಮಿಷದ ಎರಡು ಅವಧಿಯ ಪಂದ್ಯಗಳು ಎಂದಿಟ್ಟುಕೊಳ್ಳಿ. ತಂಡಕ್ಕೆ 22 ಜನ ಬಿದ್ದರೆ ಒಬ್ಬೊಬ್ಬರಿಗೆ ಪಂದ್ಯಕ್ಕೆ ಒಂದೇ ಅವಧಿ, 35 ನಿಮಿಷ. ಮೂರು ಪಂದ್ಯಕ್ಕೆ 105 ನಿಮಿಷ. ಶುಲ್ಕ, ವಿಮಾನ, ಹೋಟೆಲ್ ಎಲ್ಲ ಕೂಡಿಸಿ 105ರಿಂದ ಭಾಗಿಸಿದರೆ ಒಂದು ನಿಮಿಷದ ಬೆಲೆ ಸಿಗುತ್ತದೆ. ಸಂಘಟಕರಿಗೆ ಕೇಳಬೇಕಾದ ಮೊದಲ ಪ್ರಶ್ನೆ ಇದೇ: ತಂಡಕ್ಕೆ ಎಷ್ಟು ಜನ? 16 ಎಂದರೆ ಒಪ್ಪಬಹುದು. "ನೋಂದಣಿ ನೋಡಿಕೊಂಡು ಹೇಳ್ತೀವಿ" ಎಂದರೆ ಅಲ್ಲಿಗೇ ಬಿಡಿ.

ಎರಡನೆಯದು ಸ್ಥಾನಗಳ ಹಂಚಿಕೆ. ದುಡ್ಡು ಕಟ್ಟಿದವರನ್ನೆಲ್ಲ ಸೇರಿಸಿಕೊಂಡರೆ ಒಂದು ತಂಡದಲ್ಲಿ ಏಳು ಸೆಂಟ್ರಲ್ ಮಿಡ್‌ಫೀಲ್ಡರ್, ಲೆಫ್ಟ್ ಬ್ಯಾಕ್ ಸೊನ್ನೆ. ಆಗ ಮಿಡ್‌ಫೀಲ್ಡರನೊಬ್ಬನನ್ನು ಎಡಬದಿಗೆ ತಳ್ಳುತ್ತಾರೆ, ಅವನು ಬಂದ ಉದ್ದೇಶವೇ ಕೆಟ್ಟಿತು. ಫಾರ್ಮಿನಲ್ಲಿ "ಎಲ್ಲಿ ಬೇಕಾದರೂ ಆಡುತ್ತೇನೆ" ಎಂದು ಮೂರು ಸ್ಥಾನ ತುಂಬುವವನಿಗೆ ಇದು ಖಂಡಿತ ಕಾದಿದೆ. ಒಂದೇ ಸ್ಥಾನ ಬರೆಯಬೇಕು. ಎಡಗಾಲಿನ ಡಿಫೆಂಡರ್ ಆಗಿದ್ದರೆ ಅದನ್ನು ಎದ್ದು ಕಾಣುವಂತೆ ಬರೆಯಬೇಕು, ಈ ಸಂತೆಯಲ್ಲಿ ಅಭಾವವಿರುವ ಸರಕು ಅದು. ಸ್ಟ್ರೈಕರ್‌ನ ಪಾಡು ಬೇರೆ. ಹೆಸರೂ ಗೊತ್ತಿಲ್ಲದ ಹತ್ತು ಜನ, ಎಲ್ಲರಿಗೂ ತಾನು ಕಾಣಬೇಕು, ಪಾಸ್ ಕೊಡುವವರು ಯಾರು? ಚೆಂಡಿಗಾಗಿ ಕಾಯುತ್ತ ನಿಂತವನು 35 ನಿಮಿಷದಲ್ಲಿ ಆರು ಸಲ ಮುಟ್ಟಿರುತ್ತಾನೆ. ಎದುರಾಳಿ ಡಿಫೆಂಡರನನ್ನು ಅಟ್ಟಿಸಿಕೊಂಡು ಹೋಗಿ ಒತ್ತಡ ಹಾಕುವವನಾದರೂ ಕಣ್ಣಿಗೆ ಬೀಳುತ್ತಾನೆ.

ಅಂಗಿಯ ಮೇಲೆ ಹಾಕಿಕೊಳ್ಳುವ ಬಿಬ್‌ನ ನಂಬರ್ ಸಣ್ಣ ವಿಷಯದಂತೆ ಕಾಣುತ್ತದೆ, ಆದರೆ ಸಣ್ಣದಲ್ಲ. ಮೊದಲ ದಿನ 47, ಮರುದಿನ 12 ಕೊಟ್ಟರೆ ಸ್ಕೌಟಿನ ಹಾಳೆಯಲ್ಲಿ ಮೊದಲ ದಿನ ಗೀಚಿದ ಟಿಪ್ಪಣಿ ಯಾರದ್ದೋ ಆಗಿಹೋಗುತ್ತದೆ. ಎರಡೂ ದಿನ ಒಂದೇ ನಂಬರ್ ಕೇಳಿ ಪಡೆಯಿರಿ. ಕೃತಕ ಹುಲ್ಲೋ ನಿಜ ಹುಲ್ಲೋ ವಿಚಾರಿಸಿ, ಎರಡೂ ಬಗೆಯ ಬೂಟು ಚೀಲದಲ್ಲಿರಲಿ. ಹೊಸ ಬೂಟು ಮಾತ್ರ ಬೇಡ, ಎರಡನೇ ದಿನಕ್ಕೆ ಹಿಮ್ಮಡಿ ಬೊಕ್ಕೆ ಎದ್ದಿರುತ್ತದೆ.

ಇನ್ನು ಲೋಗೊಗಳು. "ಹಿಂದೆ ಬಂದಿದ್ದ ಕ್ಲಬ್ಬುಗಳು", "ಆಹ್ವಾನಿತ ಕ್ಲಬ್ಬುಗಳು", "ಬರುವುದಾಗಿ ಖಚಿತಪಡಿಸಿದ ಕ್ಲಬ್ಬುಗಳು": ಮೂರೂ ಒಂದೇ ಪೋಸ್ಟರಿನಲ್ಲಿ ಒಂದೇ ಗಾತ್ರದಲ್ಲಿರುತ್ತವೆ. ಬೆಲೆಯಿರುವುದು ಮೂರನೆಯದಕ್ಕೆ ಮಾತ್ರ, ಅದೂ ಬರುವವರ ಹುದ್ದೆ ಹೇಳಿದರೆ. ಮುಖ್ಯ ಕೋಚ್, ಸಹಾಯಕ ಕೋಚ್, ಸ್ಪೋರ್ಟಿಂಗ್ ಡೈರೆಕ್ಟರ್ ಬಂದರೆ ಸಹಿ ಮಾಡಿಸುವ ಅಧಿಕಾರದ ಹತ್ತಿರದವರು ಬಂದಂತೆ. ಅಕಾಡೆಮಿಯ ಕೋಚ್ ಶನಿವಾರ ಮಧ್ಯಾಹ್ನ ಎರಡು ಗಂಟೆ ಕೂತು ಹೋದರೂ ಪೋಸ್ಟರಿನಲ್ಲಿ ಲೋಗೊ ಅಷ್ಟೇ ದೊಡ್ಡದು. ಯಾವ ದಿನ, ಯಾವ ಹೊತ್ತಿಗೆ ಬರುತ್ತಾರೆ ಅಂತ ಮೇಲ್‌ನಲ್ಲೇ ಕೇಳಿ, ಉತ್ತರ ಬರಹದಲ್ಲಿರಲಿ.

ಎಲ್ಲಕ್ಕಿಂತ ಅಪಾಯದ್ದು ಒಂದಿದೆ. ಕೆಲವು ಪ್ಯಾಕೇಜಿನಲ್ಲಿ "ಪ್ರಾತಿನಿಧ್ಯ" ಸೇರಿಸಿರುತ್ತಾರೆ, ಅಂದರೆ ನಮ್ಮ ಏಜೆಂಟು ನಿಮಗಾಗಿ ಕ್ಲಬ್ಬುಗಳೊಡನೆ ಮಾತಾಡುತ್ತಾನೆ ಎಂದು. ಕಾಲೇಜಿನಲ್ಲಿ ಇನ್ನೂ ಆಡುವ ವರ್ಷ ಉಳಿದಿರುವ ಹುಡುಗ ಇಂಥದ್ದಕ್ಕೆ ಸಹಿ ಹಾಕಿದರೆ ಎನ್‌ಸಿಎಎ (ಈ ಡಿವಿಷನ್‌ಗಳನ್ನು ನಡೆಸುವ ಕಾಲೇಜು ಕ್ರೀಡಾ ಸಂಸ್ಥೆ) ಅರ್ಹತೆಯೇ, ಅಂದರೆ ಕಾಲೇಜಿಗೆ ಆಡುವ ಹಕ್ಕೇ, ಕೈಬಿಟ್ಟು ಹೋಗಬಹುದು. ಬಾಯಿಮಾತಿನ ಒಪ್ಪಂದವೂ ಒಪ್ಪಂದವೇ. ದುಡ್ಡು ಕಟ್ಟುವ ಮೊದಲು ಈ ನಿಯಮಗಳನ್ನು ನೋಡಿಕೊಳ್ಳುವ ಕಾಲೇಜಿನ ಕಂಪ್ಲಯನ್ಸ್ ಆಫೀಸಿಗೆ ಒಂದು ಮೇಲ್ ಹಾಕಿ. ಅದಕ್ಕೆ ಖರ್ಚಿಲ್ಲ.

ಕಂಬೈನಿನ ಜೊತೆ ಮಾರುವ ವಿಡಿಯೊ ಬಗ್ಗೆ ನಮ್ಮ ಅಭಿಪ್ರಾಯ ಸ್ಪಷ್ಟ: ಬೇಡ. ಅಪರಿಚಿತರ ನಡುವಿನ ಪಂದ್ಯದ ತುಣುಕು ಯಾರಿಗೂ ಏನನ್ನೂ ಹೇಳುವುದಿಲ್ಲ. ಕಾಲೇಜಿನ ಸ್ವಂತ ಪಂದ್ಯಗಳ ವಿಡಿಯೊವನ್ನೇ ಸರಿಯಾಗಿ ತೆಗೆಸಿ. ಸಣ್ಣ ಕಾಲೇಜುಗಳಲ್ಲಿ ಕೆಡುವುದು ಇಲ್ಲೇ. ಕ್ಯಾಮೆರಾ ಮೂಲೆಯಲ್ಲಿ, ನೆಲಮಟ್ಟದಲ್ಲಿ ಇರುತ್ತದೆ, ಚೆಂಡಿನ ಬೆನ್ನು ಹತ್ತಿ ಜೂಮ್ ಮಾಡುತ್ತಿರುತ್ತದೆ. ಚೆಂಡು ಬಲಗಡೆ ಇರುವಾಗ ಎಡಬದಿಯ ಡಿಫೆಂಡರ್ ಎಲ್ಲಿ ನಿಂತಿದ್ದ? ಸ್ಕೌಟಿಗೆ ಬೇಕಾದದ್ದು ಅದೇ, ಫ್ರೇಮಿನಲ್ಲಿ ಇಲ್ಲದ್ದೂ ಅದೇ. ಕ್ಯಾಮೆರಾ ಮಧ್ಯಗೆರೆಯ ನೇರಕ್ಕೆ, ಗ್ಯಾಲರಿಯ ಮೇಲ್ಸಾಲಿನಲ್ಲಿ ಇರಲಿ, ಕನಿಷ್ಠ ಅರ್ಧ ಮೈದಾನ ಸದಾ ಕಾಣಲಿ. ಎತ್ತರದ ಟ್ರೈಪಾಡ್ ಗಾಳಿಗೆ ತೂಗಾಡುತ್ತದೆ, ಬುಡಕ್ಕೆ ಮರಳು ಚೀಲ ಕಟ್ಟಿ. ಮೈದಾನವನ್ನು ಅಮೆರಿಕನ್ ಫುಟ್‌ಬಾಲ್ ಜೊತೆ ಹಂಚಿಕೊಂಡ ಕಡೆ ಗೆರೆಗಳ ಮೇಲೆ ಗೆರೆ ಬಿದ್ದು ಆಫ್‌ಸೈಡ್ ಅಂದಾಜೇ ಸಿಗುವುದಿಲ್ಲ. ಒಳ್ಳೇ ಹುಲ್ಲಿನ ಎದುರಾಳಿ ಮೈದಾನದಲ್ಲಿ ಆಡಿದ ಪಂದ್ಯವಿದ್ದರೆ ಅದನ್ನೇ ಮುಂದಿಡಿ.

ಹೈಲೈಟ್ಸ್ ನಾಲ್ಕು ನಿಮಿಷ ಸಾಕು. ಪ್ರತಿ ತುಣುಕಿನ ಮೊದಲು ಒಂದು ಸೆಕೆಂಡು ನಿಲ್ಲಿಸಿ ಬಾಣದ ಗುರುತು, ಹಾಡು ಬೇಡ. ಜೊತೆಗೆ ಎರಡು ಪೂರ್ಣ ಪಂದ್ಯಗಳ ಲಿಂಕ್ ಇರಲೇಬೇಕು, ಅದರಲ್ಲೊಂದು ಸೋತ ಪಂದ್ಯವಾದರೆ ಇನ್ನೂ ಒಳ್ಳೆಯದು. ಪೂರ್ಣ ಪಂದ್ಯ ಯಾಕೆಂದರೆ, ಕಾಲೇಜು ನಿಯಮದಲ್ಲಿ ಹೊರಹೋದವನು ಮತ್ತೆ ಬರಬಹುದು: ಮೊದಲಾರ್ಧದಲ್ಲಿ ಹೊರಬಂದವನು ಎರಡನೇ ಅರ್ಧಕ್ಕೆ, ಎರಡನೇ ಅರ್ಧದಲ್ಲಿ ಹೊರಬಂದವನು ಒಂದು ಸಲ. ಹಾಗಾಗಿ ಹುಡುಗರು 25 ನಿಮಿಷ ಜೋರಾಗಿ ಓಡಿ ಕೂರುವ ಅಭ್ಯಾಸಕ್ಕೆ ಬಿದ್ದಿರುತ್ತಾರೆ. ವೃತ್ತಿಪರ ಲೀಗಿನಲ್ಲಿ ಹೊರಬಂದವನು ಹೊರಗೇ. 70ನೇ ನಿಮಿಷದ ನಂತರ ಕಾಲು ಹೇಗಿದೆ ಎಂಬುದನ್ನು ನೋಡಲು ಸ್ಕೌಟು ನೇರ ಅಲ್ಲಿಗೇ ಎಳೆದು ನೋಡುತ್ತಾನೆ.

ಅದೇ ದುಡ್ಡಿಗೆ ಬೇರೆ ದಾರಿ ಏನಿದೆ? ಯುಎಸ್‌ಎಲ್ ಲೀಗ್ ಟೂ. ಮೇ ತಿಂಗಳಿನಿಂದ ಜುಲೈವರೆಗಿನ ಬೇಸಿಗೆ ಲೀಗ್, ದೇಶದ ತುಂಬ 100ಕ್ಕೂ ಹೆಚ್ಚು ತಂಡ, ಸಂಬಳವಿಲ್ಲ, ಆದ್ದರಿಂದ ಕಾಲೇಜು ಅರ್ಹತೆಗೆ ಧಕ್ಕೆಯಿಲ್ಲ. ಡಿವಿಷನ್ 3ರ ಹುಡುಗ ಅಲ್ಲಿ ಡಿವಿಷನ್ 1ರವರ ಪಕ್ಕದಲ್ಲಿ, ಅವರ ಎದುರಿಗೆ ಎರಡು ತಿಂಗಳು ಆಡುತ್ತಾನೆ. "ಇವನ ಗೋಲುಗಳೆಲ್ಲ ಯಾರ ಮೇಲೆ ಹೊಡೆದದ್ದು?" ಎಂಬ ಸ್ಕೌಟಿನ ಸಂಶಯಕ್ಕೆ 105 ನಿಮಿಷದ ಕಂಬೈನ್ ಉತ್ತರ ಕೊಡಲಾರದು, ಇದು ಕೊಡುತ್ತದೆ. ಸೀಟು ಸಿಗುವುದು ಹೆಚ್ಚಾಗಿ ಕಾಲೇಜಿನ ಕೋಚ್ ಮಾಡುವ ಫೋನಿನಿಂದ, ಅದೂ ಚಳಿಗಾಲ ಮುಗಿಯುವ ಮೊದಲೇ. ಏಪ್ರಿಲ್‌ನಲ್ಲಿ ಕೇಳಿದರೆ ತಂಡ ತುಂಬಿರುತ್ತದೆ. ಊಟ, ವಸತಿಯ ಖರ್ಚು ಯಾರದ್ದು ಅನ್ನುವುದು ತಂಡದಿಂದ ತಂಡಕ್ಕೆ ಬೇರೆ, ಮೊದಲೇ ಮಾತಾಡಿಕೊಳ್ಳಿ.

ಡ್ರಾಫ್ಟ್ ಮೇಲೆ, ಅಂದರೆ ಕ್ಲಬ್ಬುಗಳು ಸರದಿಯಂತೆ ಕಾಲೇಜು ಆಟಗಾರರನ್ನು ಆರಿಸಿಕೊಳ್ಳುವ ಪದ್ಧತಿಯ ಮೇಲೆ ಕಣ್ಣಿಟ್ಟವರಿಗೆ ಒಂದು ಮಾತು. ಎಂಎಲ್‌ಎಸ್‌ನ ಸೂಪರ್‌ಡ್ರಾಫ್ಟ್ ಈಗ ಮೂರು ಸುತ್ತು, 30 ಕ್ಲಬ್, ಒಟ್ಟು 90 ಸರದಿ, ಅದರಲ್ಲೂ ಕ್ಲಬ್ಬುಗಳು ಸರದಿ ಬಿಟ್ಟುಕೊಡುವುದುಂಟು. ಆಯ್ಕೆಯಾದರೂ ಸಿಗುವುದು ಪ್ರಿ-ಸೀಸನ್ ಕರೆ, ಕರಾರಿನ ಖಾತ್ರಿ ಇಲ್ಲ. ಹಲವರ ಬಸ್ಸು ನಿಲ್ಲುವುದು ಎಂಎಲ್‌ಎಸ್ ಕ್ಲಬ್ಬುಗಳ ಎರಡನೇ ತಂಡಗಳು ಆಡುವ ಕೆಳ ಲೀಗಾದ ಎಂಎಲ್‌ಎಸ್ ನೆಕ್ಸ್ಟ್ ಪ್ರೊದಲ್ಲಿ. 2025ರಲ್ಲಿ ಎಂಎಲ್‌ಎಸ್‌ನ ಮೀಸಲು ಆಟಗಾರನ ಕನಿಷ್ಠ ವಾರ್ಷಿಕ ಸಂಬಳ 80,622 ಡಾಲರ್. ಕೆಳಗಿನ ಲೀಗುಗಳಲ್ಲಿ ಆ ಅಂಕಿಯ ಕನಸು ಬೇಡ. ಹೆಣ್ಣುಮಕ್ಕಳ ವೃತ್ತಿಪರ ಲೀಗ್ ಎನ್‌ಡಬ್ಲ್ಯುಎಸ್‌ಎಲ್ 2024ರಲ್ಲಿ ಡ್ರಾಫ್ಟನ್ನೇ ರದ್ದು ಮಾಡಿತು, ಅಲ್ಲಿ ಈಗ ನೇರ ಕರಾರು.

ಜಾಹೀರಾತುಗಳು ಕ್ರಿಸ್ ವೊಂಡೊಲೊವ್‌ಸ್ಕಿ ಹೆಸರು ಹೇಳದೆ ಬಿಡುವುದಿಲ್ಲ. ಡಿವಿಷನ್ 2ರ ಚಿಕೊ ಸ್ಟೇಟ್‌ನ ಹುಡುಗ, ಎಂಎಲ್‌ಎಸ್‌ನಲ್ಲಿ 171 ಗೋಲು, ಲೀಗಿನ ದಾಖಲೆ. ಆದರೆ 2005ರ ಸಪ್ಲಿಮೆಂಟಲ್ (ಹೆಚ್ಚುವರಿ) ಡ್ರಾಫ್ಟಿನಲ್ಲಿ 41ನೆಯವನಾಗಿ ಬಂದವನು ಸೀಸನ್ನಿನಲ್ಲಿ ಅತಿ ಹೆಚ್ಚು ಗೋಲು ಹೊಡೆದವನಿಗೆ ಕೊಡುವ ಗೋಲ್ಡನ್ ಬೂಟ್ ಗೆದ್ದದ್ದು 2010ರಲ್ಲಿ. ನಡುವಿನ ವರ್ಷಗಳು ಬಹುಪಾಲು ಮೀಸಲು ತಂಡ ಮತ್ತು ಬೆಂಚಿನಲ್ಲಿ ಹೋದವು. ಕ್ರಿಶ್ಚಿಯನ್ ರಾಮಿರೆಜ್ ಕಾನ್ಕಾರ್ಡಿಯ ಅರ್ವೈನ್ ಕಾಲೇಜಿನಿಂದ ಹೊರಟು ಶಾರ್ಲೆಟ್ ಈಗಲ್ಸ್, ಆಮೇಲೆ ಕೆಳ ಲೀಗಿನಲ್ಲಿದ್ದ ಮಿನೆಸೋಟ ಯುನೈಟೆಡ್, ಆ ಕ್ಲಬ್ಬಿನ ಜೊತೆಗೇ 2017ರಲ್ಲಿ ಎಂಎಲ್‌ಎಸ್ ಸೇರಿದ. ಡಿವಿಷನ್ 2ರ ಕೊಲರಾಡೊ ಸ್ಕೂಲ್ ಆಫ್ ಮೈನ್ಸ್‌ನ ಟೆಶೊ ಅಕಿಂಡೆಲೆ 2014ರಲ್ಲಿ ಆರನೆಯವನಾಗಿ ಆಯ್ಕೆಯಾಗಿ ಅದೇ ವರ್ಷ ಶ್ರೇಷ್ಠ ಹೊಸಬನಾದ. ಅಂಥದ್ದು ಅಪರೂಪ.

ನಮ್ಮ ಕನ್ನಡದ ಮನೆಗಳಿಗೆ ಇನ್ನೊಂದು ತೊಡಕು ಇದೆ. ಅಪ್ಪ ಅಮ್ಮನ ಕೆಲಸದ ವೀಸಾಗೆ ಅವಲಂಬಿತವಾದ ಎಚ್-4ನಲ್ಲಿ ಬೆಳೆದ ಮಗ 21 ತುಂಬುವ ಹೊತ್ತಿಗೆ ವಿದ್ಯಾರ್ಥಿ ವೀಸಾ ಎಫ್-1ಗೆ ಬದಲಾಗಿದ್ದರೆ, ಐದನೇ ವಯಸ್ಸಿನಿಂದ ಅಮೆರಿಕದಲ್ಲೇ ಆಡಿದ್ದರೂ ಎಂಎಲ್‌ಎಸ್ ಪಟ್ಟಿಯಲ್ಲಿ ಅವನು ವಿದೇಶಿ ಆಟಗಾರ. ಲೀಗು ಕ್ಲಬ್ಬಿಗೆ ಕೊಡುವುದು ಎಂಟು ವಿದೇಶಿ ಸ್ಥಾನ, ಅದನ್ನು ಕ್ಲಬ್ಬುಗಳು ತಮ್ಮತಮ್ಮಲ್ಲೇ ಕೊಡುಕೊಳ್ಳುತ್ತವೆ. ಅಂಥ ಸ್ಥಾನವನ್ನು ಸಣ್ಣ ಕಾಲೇಜಿನ ಹೊಸಬನಿಗೆ ಸುಮ್ಮನೆ ಕೊಡುವುದಿಲ್ಲ. ಎಂಎಲ್‌ಎಸ್ ಅಕಾಡೆಮಿಯಲ್ಲಿ ಬೆಳೆದವರಿಗೆ ವಿನಾಯಿತಿ ಇದೆ, ಗ್ರೀನ್ ಕಾರ್ಡ್ ಇದ್ದರೆ ಪ್ರಶ್ನೆಯೇ ಇಲ್ಲ. ಕಂಬೈನಿನ ಫಾರ್ಮಿನಲ್ಲಿ ವೀಸಾ ಕಾಲಂ ಇದ್ದರೆ ನಿಜವನ್ನೇ ಬರೆಯಿರಿ, ಕರಾರಿನ ಹೊತ್ತಿಗೆ ಹೇಗೂ ಹೊರಬರುತ್ತದೆ.

ನಮ್ಮ ಅಂಕ: ಕೊನೇ ವರ್ಷ ಮುಗಿಸಿ, ಬೇಸಿಗೆ ಲೀಗಿನಲ್ಲೂ ಆಡಿ, ಕೆಳ ಲೀಗಿನ ಎರಡು ಮೂರು ನಿರ್ದಿಷ್ಟ ಕ್ಲಬ್ಬುಗಳ ಕೋಚು ಬರುವುದು ಖಚಿತವಾಗಿರುವವನಿಗೆ 5ಕ್ಕೆ 3.5. ಎರಡನೇ, ಮೂರನೇ ವರ್ಷದವನಿಗೆ 1. ಗೋಲ್‌ಕೀಪರ್‌ಗೆ ಅರ್ಧ ಅಂಕ ಹೆಚ್ಚು, ಆದರೆ ತಂಡಕ್ಕೆ ಇಬ್ಬರೇ ಗೋಲಿ ಎಂದು ಬರಹದಲ್ಲಿ ಕೊಟ್ಟರೆ ಮಾತ್ರ. ಮೂವರಿದ್ದರೆ ಒಬ್ಬೊಬ್ಬನ ಪಾಲಿಗೆ ಪಂದ್ಯಕ್ಕೆ 23 ನಿಮಿಷ, ಅಷ್ಟರಲ್ಲಿ ಗುರಿಯತ್ತ ಒಂದು ಹೊಡೆತವೂ ಬರದೆ ಹೋಗಬಹುದು.