ಕಾರ್ಟ್ರಿಡ್ಜ್ ಮಾದರಿಯ ಲೈವ್‌ವೆಲ್ ಪಂಪು: 2019ರಿಂದ ಬಳಸಿ ನೋಡಿದ ಮೇಲೆ

ಮೊದಲೇ ಹೇಳಿಬಿಡುತ್ತೇನೆ. ಪಂಪು ಚೆನ್ನಾಗಿದೆ, ಮತ್ತೆ ಬೇಕಾದರೂ ಇದನ್ನೇ ಕೊಳ್ಳುತ್ತೇನೆ. ಆದರೆ ಲೈವ್‌ವೆಲ್‌ನಲ್ಲಿ, ಅಂದರೆ ಹಿಡಿದ ಮೀನನ್ನು ಜೀವಂತ ಇಡುವ ಬೋಟ್‌ನ ನೀರಿನ ಟ್ಯಾಂಕ್‌ನಲ್ಲಿ, ಮೀನು ಸಾಯ್ತಾ ಇದೆ, ಹೊಸ ಪಂಪು ಹಾಕಿದರೆ ಸರಿಹೋಗುತ್ತೆ ಅಂದುಕೊಂಡು ಓದುತ್ತಿದ್ದರೆ ಸ್ವಲ್ಪ ತಡೆಯಿರಿ. ಇಷ್ಟು ವರ್ಷದಲ್ಲಿ ನನ್ನ ಬೋಟ್‌ನಲ್ಲಾಗಲಿ, ಜೊತೆಯವರ ಬೋಟ್‌ಗಳಲ್ಲಾಗಲಿ ಮೋಟರೇ ಸುಟ್ಟಿದ್ದು ಅಪರೂಪ. ನೀರು ಬರುವ ದಾರಿ ಕೆಟ್ಟಿರುತ್ತದೆ, ಇಲ್ಲದಿದ್ದರೆ ಕರೆಂಟ್ ಬರುವ ದಾರಿ.

ನಾನಿರುವುದು ಡಾಲಸ್ ಹತ್ತಿರ. ಸೆಕೆಂಡ್ ಹ್ಯಾಂಡ್‌ನಲ್ಲಿ ಕೊಂಡ 18 ಅಡಿಯ ಅಲ್ಯೂಮಿನಿಯಂ ಬೋಟ್, ಹಿಂಭಾಗದಲ್ಲಿ ಸುಮಾರು 25 ಗ್ಯಾಲನ್, ಅಂದರೆ 95 ಲೀಟರ್‌ನ ಲೈವ್‌ವೆಲ್. ಓಡಾಟ ಹೆಚ್ಚಾಗಿ ಲೂಯಿಸ್‌ವಿಲ್ ಮತ್ತು ರೇ ರಾಬರ್ಟ್ಸ್ ಕೆರೆಗಳಲ್ಲಿ. ವಾರದ ಕೊನೆಯಲ್ಲಿ ನಡೆಯುವ ಸಣ್ಣ ಟೂರ್ನಮೆಂಟ್‌ಗಳಿಗೆ ಹೋಗುತ್ತೇವೆ. ಅಲ್ಲಿ ಐದು ಬಾಸ್ ಮೀನುಗಳನ್ನು ಸಂಜೆಯವರೆಗೆ ಜೀವಂತ ಇಟ್ಟು, ತೂಕ ಹಾಕಿಸಿ, ಮತ್ತೆ ಕೆರೆಗೇ ಬಿಡಬೇಕು. ಸತ್ತ ಮೀನು ತಂದರೆ ತೂಕದಲ್ಲಿ ಕಡಿತ. ಲೇಕ್ ಫೋರ್ಕ್‌ಗೆ ಹೋದಾಗ ಮಾತ್ರ ಲೈವ್‌ವೆಲ್‌ಗೆ ಕೆಲಸ ಕಡಿಮೆ. ಅಲ್ಲಿ 16ರಿಂದ 24 ಇಂಚಿನ ಬಾಸ್ ಇಟ್ಟುಕೊಳ್ಳುವ ಹಾಗಿಲ್ಲ, ನಮ್ಮಂಥವರ ಗಾಳಕ್ಕೆ ಬೀಳುವ ಒಳ್ಳೆ ಮೀನೆಲ್ಲ ಅದೇ ಅಳತೆಯದು.

ಊರಲ್ಲಿ ಕೊರವ ಮೀನನ್ನು ಬಕೆಟ್‌ನಲ್ಲಿ ನಾಲ್ಕು ಬೆರಳು ನೀರು ಹಾಕಿ ಸಂತೆಗೆ ತರುವುದನ್ನು ಕಂಡವರಿಗೆ ಇದೆಲ್ಲ ರಗಳೆ ಅನ್ನಿಸಬಹುದು. ಕೊರವ ಮೇಲೆ ಬಂದು ಗಾಳಿಯನ್ನೇ ಎಳೆದುಕೊಳ್ಳುತ್ತದೆ. ಬಾಸ್‌ಗೆ ಆ ವಿದ್ಯೆ ಬರಲ್ಲ. ನೀರಲ್ಲಿ ಕರಗಿದ ಆಮ್ಲಜನಕವೇ ಅದಕ್ಕೆ ಗತಿ.

ನಾನು ಹಾಕಿರುವುದು 12 ವೋಲ್ಟಿನ, ಗಂಟೆಗೆ 800 ಗ್ಯಾಲನ್ ಅಂತ ಬರೆದಿರುವ ಪಂಪು. ಈ ಮಾದರಿಯನ್ನು ಹಲವು ಕಂಪನಿಗಳು ಮಾಡುತ್ತವೆ, ಒಳಗಿನ ರಚನೆ ಹೆಚ್ಚುಕಡಿಮೆ ಒಂದೇ. ಬೇಸ್ ಬೋಟ್‌ಗೆ ಅಂಟಿಕೊಂಡೇ ಇರುತ್ತದೆ. ಮೋಟರ್ ಇರುವ ಕಾರ್ಟ್ರಿಡ್ಜನ್ನು ತಿರುಗಿಸಿದರೆ ಕೈಗೆ ಬರುತ್ತದೆ. ನನಗೆ ಈ ಪಂಪು ಇಷ್ಟವಾಗಿರುವುದು ಇದೊಂದೇ ಕಾರಣಕ್ಕೆ. ಹಳೆಯ ಪಂಪಿನಲ್ಲಿ ಕಸ ಸಿಕ್ಕಿದರೆ ಹೋಸ್ ಬಿಚ್ಚಬೇಕು, ಕ್ಲಾಂಪ್ ಬಿಚ್ಚಬೇಕು, ತಲೆಕೆಳಗಾಗಿ ಮಲಗಬೇಕು. ಇದರಲ್ಲಿ ಕೆರೆಯ ನಡುವೆ ನಿಂತೇ ಕೆಲಸ ಮುಗಿಸಬಹುದು. ಆದರೆ ಕೆರೆಯ ನೀರು ಪಂಪಿಗೆ ಬರುವ ಕೊಳವೆಗೆ ಬಾಲ್ ವಾಲ್ವ್ (ನಲ್ಲಿಯಂತೆ ತಿರುಗಿಸಿ ಮುಚ್ಚುವ ಕವಾಟ) ಇರಲೇಬೇಕು, ಅದನ್ನು ಮುಚ್ಚಿದ ಮೇಲೇ ಕಾರ್ಟ್ರಿಡ್ಜ್ ತೆಗೆಯಬೇಕು. ಇಲ್ಲದಿದ್ದರೆ ಕೆರೆ ನೇರವಾಗಿ ಬೋಟ್ ಒಳಗೆ ಬರುತ್ತದೆ. ಕಿಟ್ ಜೊತೆ ವಾಲ್ವ್ ಕೊಡುವುದಿಲ್ಲ, ಬೇರೆಯಾಗಿ ಕೊಳ್ಳಬೇಕು. ಜಿಪುಣತನ ಅಂದರೆ ಇದು.

ಎಲ್ಲರೂ ಕೇಳುವ ತೊಂದರೆ ಒಂದಿದೆ. ಸ್ವಿಚ್ ಹಾಕಿದರೆ ಮೋಟರ್ ಸದ್ದು ಕೇಳುತ್ತೆ, ನೀರು ಮಾತ್ರ ಬರಲ್ಲ. ಹತ್ತರಲ್ಲಿ ಎಂಟು ಸಲ ಅದು ಏರ್ ಲಾಕ್. ಈ ಪಂಪಿಗೆ ನೀರನ್ನು ತಳ್ಳುವುದಷ್ಟೇ ಗೊತ್ತು, ಹೀರಿಕೊಳ್ಳುವುದಕ್ಕೆ ಬರುವುದಿಲ್ಲ. ಊರಲ್ಲಿ ಬಾವಿಯ ಮೋಟರಿಗೆ ಏರ್ ಹಿಡಿದಾಗ ಮೇಲಿಂದ ಬಿಂದಿಗೆಯಲ್ಲಿ ನೀರು ಹುಯ್ಯುವುದನ್ನು ನೋಡಿದ್ದೀರಲ್ವಾ, ಇದೂ ಅದೇ ರೋಗ. ಟ್ರೇಲರ್ ಮೇಲಿದ್ದಾಗ ಕೊಳವೆಯಲ್ಲಿ ಗಾಳಿ ತುಂಬಿರುತ್ತದೆ. ಬೋಟ್ ನೀರಿಗಿಳಿದರೂ ಆ ಗಾಳಿಗೆ ಹೊರಹೋಗಲು ದಾರಿ ಇರುವುದಿಲ್ಲ. ನೀರು ತಳ್ಳುವ ಒಳಗಿನ ಚಕ್ರ, ಅಂದರೆ ಇಂಪೆಲ್ಲರ್, ಸುಮ್ನೆ ಗಾಳಿಯಲ್ಲೇ ತಿರುಗುತ್ತದೆ.

ಇದಕ್ಕೆ ಸುಲಭದ ಮದ್ದು, ಪಂಪು ಆನ್ ಮಾಡಿ ಬೋಟನ್ನು ನಿಧಾನಕ್ಕೆ ರಿವರ್ಸ್ ತೆಗೆಯುವುದು. ಬೋಟ್‌ನ ಹಿಂಭಾಗದಲ್ಲಿ ನೀರು ಒಳಬರುವ ರಂಧ್ರಕ್ಕೆ ನೀರು ಒತ್ತಿ ನುಗ್ಗಿ ಗಾಳಿಯನ್ನು ದೂಡುತ್ತದೆ. ಅದಕ್ಕೂ ಬಗ್ಗದಿದ್ದರೆ ಪಂಪಿನ ಹೊರಬಾಯಿಯ ಹೋಸ್ ಸಡಿಲಿಸಿ, ಬುಸ್ ಅಂತ ಗಾಳಿ ಬಿಟ್ಟು ನೀರು ಕಂಡ ಕೂಡಲೇ ಬಿಗಿ ಮಾಡಿ. ಪ್ರತಿ ಸಲ ಹೀಗೇ ಆದರೆ ಜೋಡಣೆಯೇ ಸರಿಯಿಲ್ಲ ಅಂತ ಅರ್ಥ. ಪಂಪು ನೀರಿನ ಮಟ್ಟಕ್ಕಿಂತ ಕೆಳಗಿರಬೇಕು. ಅದರ ಹೊರಬಾಯಿ ಮೇಲ್ಮುಖವಾಗಿರಬೇಕು. ಅಲ್ಲಿಂದ ಹೋಸ್ ಟ್ಯಾಂಕ್‌ವರೆಗೆ ಏರುತ್ತಲೇ ಹೋಗಬೇಕು, ನಡುವೆ ಎಲ್ಲೂ ಜೋಲಬಾರದು. ನನ್ನ ಬೋಟ್‌ನ ಹಳೆಯ ಮಾಲೀಕರು ಹೋಸನ್ನು ಬ್ಯಾಟರಿ ಹಿಂದೆ ಇಳಿಸಿ ಮತ್ತೆ ಹತ್ತಿಸಿದ್ದರು. ಅದನ್ನು ನೇರ ಮಾಡಿದ ಮೇಲೆ ರಿವರ್ಸ್ ತೆಗೆಯುವ ಕಷ್ಟ ತಪ್ಪಿದೆ. ಬೇಸಿಗೆಯಲ್ಲಿ ಮೆತ್ತಗಾಗಿ ಮಡಚಿಕೊಳ್ಳುವ ತೆಳು ಪಾರದರ್ಶಕ ಪೈಪ್ ಬೇಡ, ಒಳಗೆ ಸುರುಳಿ ಇರುವ ಗಟ್ಟಿ ಹೋಸ್ ಹಾಕಿ.

ಇನ್ನೊಂದು ವಿಷಯ. ಬೋಟ್ ವೇಗವಾಗಿ ಓಡುವಾಗ ಹಿಂದಿನ ರಂಧ್ರ ನೀರಿನಿಂದ ಮೇಲಕ್ಕೆ ಎದ್ದುಬಿಡುತ್ತದೆ. ಆಗ ನೀರು ಬರದಿದ್ದರೆ ಪಂಪನ್ನು ಬೈಯಬೇಡಿ. ಹೊರಡುವ ಮುನ್ನವೇ ಟ್ಯಾಂಕ್ ತುಂಬಿಸಿಕೊಂಡು, ಒಳಗಿನ ನೀರನ್ನೇ ಸುತ್ತಿಸುವ ರೀಸರ್ಕ್ಯುಲೇಶನ್ ಪಂಪು ಹಾಕಿಡಿ.

ಏರ್ ಲಾಕ್ ಅಲ್ಲದಿದ್ದರೆ ಕಸ. ಹೈಡ್ರಿಲ್ಲಾ ಗಿಡ ಇರುವ ಕೆರೆಗಳಲ್ಲಿ ಹೊರಗಿನ ಜಾಲರಿಗೆ ಎಲೆ ಮೆತ್ತಿಕೊಳ್ಳುತ್ತದೆ. ಕಾರ್ಟ್ರಿಡ್ಜ್ ಬಿಚ್ಚಿ ನೋಡಿದರೆ ಇಂಪೆಲ್ಲರ್ ಸುತ್ತ ಗಾಳದ ದಾರವೂ ಸುತ್ತಿಕೊಂಡಿರಬಹುದು, ಕಣ್ಣಿಗೆ ಬೇಗ ಕಾಣಲ್ಲ. ಬೆರಳಲ್ಲಿ ತಿರುಗಿಸಿ ನೋಡಿ, ತಡೆದರೆ ದಾರ ಇದೆ. ಮತ್ತೆ ಹಾಕುವಾಗ ಓ-ರಿಂಗ್‌ಗೆ (ನೀರು ಸೋರದಂತೆ ತಡೆಯುವ ರಬ್ಬರ್ ಬಳೆ) ಸ್ವಲ್ಪ ಸಿಲಿಕೋನ್ ಗ್ರೀಸ್ ಹಚ್ಚಿ. ಟ್ಯಾಂಕ್ ಒಳಗಿನ ಓವರ್‌ಫ್ಲೋ ಪೈಪಿನ ಜಾಲರಿಯನ್ನೂ ನೋಡಿ. ಅದು ಕಟ್ಟಿಕೊಂಡರೆ ನೀರು ಮುಚ್ಚಳದಿಂದ ಉಕ್ಕಿ ಬೋಟ್‌ನ ತಳ ಸೇರುತ್ತದೆ. ತಳದ ನೀರನ್ನು ಹೊರಹಾಕುವ ಬಿಲ್ಜ್ ಪಂಪು ಪದೇಪದೇ ಓಡುತ್ತಿದ್ದರೆ ಬೋಟೇ ಸೋರುತ್ತಿದೆ ಅಂತ ಗಾಬರಿಯಾಗಬೇಡಿ. ಲೈವ್‌ವೆಲ್ ನೀರಿಗೆ ಅಡುಗೆ ಬಣ್ಣ ಹಾಕಿ ನೋಡಿ. ತಳದಲ್ಲಿ ಬಣ್ಣದ ನೀರು ಕಂಡರೆ ಯಾವುದೋ ಕ್ಲಾಂಪ್ ಸಡಿಲ ಅಷ್ಟೇ. ಇದನ್ನು ಮೀನು ಹಾಕುವ ಮುನ್ನ ಮಾಡಿ!

ಮೋಟರ್ ಸದ್ದೇ ಇಲ್ಲದಿದ್ದರೆ ಮಲ್ಟಿಮೀಟರ್ ತೆಗೆಯಿರಿ. ಬ್ಯಾಟರಿಯಲ್ಲಿ ಅಳೆದರೆ ಸಾಲದು, ಸ್ವಿಚ್ ಆನ್ ಇರುವಾಗಲೇ ಪಂಪಿನ ವೈರ್ ಜಾಯಿಂಟ್‌ನಲ್ಲಿ ಅಳೆಯಬೇಕು. ಬ್ಯಾಟರಿಯಲ್ಲಿ 12.6 ಇದ್ದು ಇಲ್ಲಿ 11ಕ್ಕಿಂತ ಕಡಿಮೆ ಬಂದರೆ ವೈರ್ ತೆಳುವಾಗಿದೆ, ಇಲ್ಲವೇ ಜಾಯಿಂಟ್ ಹಸಿರುಗಟ್ಟಿದೆ. ಕಿಟ್ ಜೊತೆ ಬಂದ ಕನೆಕ್ಟರ್‌ಗಳನ್ನು ನಾನು ಎಸೆದೆ, ನೀರು ತಾಗುವ ಜಾಗಕ್ಕೆ ಲಾಯಕ್ಕಿಲ್ಲ. ತವರ ಲೇಪಿತ ಮರೀನ್ ವೈರ್, ಬಿಸಿಗೆ ಕುಗ್ಗಿ ಮುಚ್ಚಿಕೊಳ್ಳುವ ಕನೆಕ್ಟರ್ ಹಾಕಿದ ಮೇಲೆ ಆ ಕಡೆ ತಿರುಗಿ ನೋಡಿಲ್ಲ. ಫ್ಯೂಸ್ ಪದೇಪದೇ ಹೋಗುತ್ತಿದ್ದರೆ ದೊಡ್ಡ ಫ್ಯೂಸ್ ಹಾಕಬೇಡಿ. ಇಂಪೆಲ್ಲರ್ ಸಿಕ್ಕಿಕೊಂಡು ಮೋಟರ್ ಜಾಸ್ತಿ ಕರೆಂಟ್ ಎಳೆಯುತ್ತಿರಬಹುದು, ಮೊದಲು ಅದನ್ನು ನೋಡಿ.

800 ಗ್ಯಾಲನ್ ಅನ್ನುವುದು ಡಬ್ಬದ ಮೇಲಿನ ಮಾತು. ಅದು ನೀರನ್ನು ಮೇಲಕ್ಕೆತ್ತದೆ, ಹೋಸ್ ಇಲ್ಲದೆ ಅಳೆದದ್ದು. ಹೋಸ್, ತಿರುವು, ಸ್ಪ್ರೇ ತಲೆ ಎಲ್ಲ ದಾಟಿ ಬರುವಾಗ ನನ್ನ ಬಕೆಟ್ ಲೆಕ್ಕದಲ್ಲಿ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಸಿಕ್ಕಿತು. ನನ್ನ ಟ್ಯಾಂಕ್‌ಗೆ ಅಷ್ಟು ಧಾರಾಳ.

ಇದರ ಜೊತೆ ಕೊಂಡ ಟೈಮರ್ ಸ್ವಿಚ್ ಮಾತ್ರ ದಂಡ. ಕೆಲವು ನಿಮಿಷಕ್ಕೊಮ್ಮೆ ಪಂಪು ಓಡಿಸಿ ಬ್ಯಾಟರಿ ಉಳಿಸುವುದು ಅದರ ಕೆಲಸ. ಮಾರ್ಚ್‌ನಲ್ಲಿ ಸರಿ, ಟೆಕ್ಸಾಸ್‌ನ ಆಗಸ್ಟ್‌ಗೆ ಅದು ನಡೆಯಲ್ಲ. 20 ಡಿಗ್ರಿ ಸೆಲ್ಸಿಯಸ್‌ನ ನೀರು ಲೀಟರಿಗೆ ಸುಮಾರು 9 ಮಿಲಿಗ್ರಾಂ ಆಮ್ಲಜನಕ ಹಿಡಿದುಕೊಳ್ಳುತ್ತದೆ, 30 ಡಿಗ್ರಿಯಲ್ಲಿ ಏಳೂವರೆ ಅಷ್ಟೇ. ಬಾಸ್ ನೆಮ್ಮದಿಯಾಗಿರಲು ಕನಿಷ್ಠ 5 ಬೇಕು. ಬಿಸಿ ನೀರಲ್ಲಿ ಮೀನಿನ ಉಸಿರಾಟವೂ ಜಾಸ್ತಿ. ಐದು ದೊಡ್ಡ ಮೀನು ಒಳಗಿದ್ದರೆ ಪಂಪು ನಿಂತ ಸ್ವಲ್ಪ ಹೊತ್ತಿನಲ್ಲೇ ಆಮ್ಲಜನಕ ಇಳಿಯತೊಡಗುತ್ತದೆ. ಬೇಸಿಗೆಯಲ್ಲಿ ನಾನು ಟೈಮರ್ ಮುಟ್ಟುವುದೇ ಇಲ್ಲ, ಇಡೀ ದಿನ ಆನ್. ಪಂಪು ಎಳೆಯುವುದು ಮೂರು ಆಂಪಿಯರ್ ಆಸುಪಾಸು. ಎಂಟು ಗಂಟೆಗೆ 24 ಆಂಪಿಯರ್-ಅವರ್ ಆಯಿತು, ಒಳ್ಳೆ ಡೀಪ್ ಸೈಕಲ್ ಬ್ಯಾಟರಿಗೆ ಅದು ಭಾರ ಅಲ್ಲ.

ಕೆರೆಯ ಮೇಲ್ನೀರೇ 30 ಡಿಗ್ರಿ ದಾಟಿದಾಗ ಹೊರಗಿನ ನೀರು ಸುರಿಯುತ್ತಾ ಹೋಗುವುದರಿಂದಲೂ ಪ್ರಯೋಜನ ಕಡಿಮೆ. ಬೆಳಿಗ್ಗೆಯ ತಂಪು ನೀರು ತುಂಬಿಸಿ, ರೀಸರ್ಕ್ಯುಲೇಶನ್‌ನಲ್ಲಿಟ್ಟು, ನೀರಿನ ಬಾಟಲಿಗಳನ್ನು ಫ್ರೀಜರ್‌ನಲ್ಲಿ ಗಟ್ಟಿ ಮಾಡಿ ತಂದು ಒಂದೊಂದೇ ಒಳಗೆ ಬಿಡುತ್ತೇನೆ. ಬಿಡಿ ಐಸ್ ಹಾಕುವುದಿಲ್ಲ, ನಲ್ಲಿ ನೀರಿನ ಕ್ಲೋರಿನ್ ಮೀನಿಗೆ ಆಗಲ್ಲ. ಕೆರೆಗಿಂತ ಮೂರ್ನಾಲ್ಕು ಡಿಗ್ರಿ ತಣ್ಣಗಿದ್ದರೆ ಸಾಕು, ಅದಕ್ಕಿಂತ ಇಳಿಸಿದರೆ ವಾಪಸ್ ಬಿಡುವಾಗ ಮೀನಿಗೆ ಆಘಾತ. ಎರಡು ಗಂಟೆಗೊಮ್ಮೆ ಅರ್ಧ ನೀರು ಬದಲಿಸಬೇಕು, ಮೀನಿನ ಗಲೀಜಿನಿಂದ ಅಮೋನಿಯಾ ಸೇರುತ್ತಾ ಹೋಗುತ್ತದೆ. ನೀರು ಬದಲಿಸಿದ ಮೇಲೆ ಬಾಟಲಿ ಮತ್ತೆ ಹಾಕಿ. ಅಯೋಡಿನ್ ಇಲ್ಲದ ಉಪ್ಪು, ಐದು ಗ್ಯಾಲನ್‌ಗೆ ಕಾಲು ಕಪ್‌ಗಿಂತ ಸ್ವಲ್ಪ ಜಾಸ್ತಿ, ಅದೂ ಒಳ್ಳೆಯದು.

ತೊಳೆಯುವುದಕ್ಕೆ ಸೋಪು ಬೇಡ, ಅದರ ಜಿಡ್ಡು ಹೋಗಲ್ಲ. ಅಡುಗೆ ಸೋಡಾ ಹಾಕಿ ಉಜ್ಜಿ, ಚೆನ್ನಾಗಿ ನೀರು ಬಿಟ್ಟು, ಮುಚ್ಚಳ ತೆಗೆದಿಟ್ಟು ಒಣಗಿಸಿ. ಸ್ಪ್ರೇ ತಲೆಯಲ್ಲಿ ಸುಣ್ಣ ಕಟ್ಟಿದ್ದರೆ ವಿನೆಗರ್‌ನಲ್ಲಿ ನೆನೆಸಿ. ಒಣಗಿಸುವುದು ಬರೀ ವಾಸನೆಗಾಗಿ ಅಲ್ಲ. ಟೆಕ್ಸಾಸ್‌ನಲ್ಲಿ ಜೀಬ್ರಾ ಮಸಲ್ ಅನ್ನುವ ಸಣ್ಣ ಚಿಪ್ಪುಜೀವಿ 2009ರಲ್ಲಿ ಟೆಕ್ಸೋಮಾ ಕೆರೆಯಲ್ಲಿ ಕಾಣಿಸಿಕೊಂಡು, ಆಮೇಲೆ ಒಂದೊಂದೇ ಕೆರೆಗೆ ಹಬ್ಬಿತು. ಅದರ ಮರಿಗಳು ಬರಿಗಣ್ಣಿಗೆ ಕಾಣುವುದಿಲ್ಲ, ಲೈವ್‌ವೆಲ್‌ನಲ್ಲಿ ಉಳಿದ ಸ್ವಲ್ಪ ನೀರೇ ಅವಕ್ಕೆ ಸವಾರಿ. 2014ರ ಜುಲೈಯಿಂದ ಇಡೀ ರಾಜ್ಯದಲ್ಲಿ ಕೆರೆ ಬಿಟ್ಟು ಹೊರಡುವಾಗ ಬೋಟ್‌ನ ನೀರನ್ನೆಲ್ಲ ಖಾಲಿ ಮಾಡಬೇಕು ಅನ್ನುವುದು ಕಾನೂನು. ಡ್ರೈನ್ ಪ್ಲಗ್ ತೆಗೆದರೂ ಪಂಪಿನ ಬೇಸ್‌ನಲ್ಲಿ ನೀರು ನಿಂತಿರುತ್ತದೆ. ಕಾರ್ಟ್ರಿಡ್ಜ್ ಬಿಚ್ಚಿದರೆ ಅದೂ ಹೋಗುತ್ತದೆ, ಹಳೆಯ ಪಂಪಿನಲ್ಲಿ ಈ ಅನುಕೂಲ ಇರಲಿಲ್ಲ.

ಚಳಿಗಾಲಕ್ಕೂ ಇದೇ ಉಪಾಯ. 2021ರ ಫೆಬ್ರವರಿಯಲ್ಲಿ ಇಡೀ ಟೆಕ್ಸಾಸ್ ಹೆಪ್ಪುಗಟ್ಟಿತಲ್ಲ, ಆಗ ಒಳಗಿನ ನೀರು ಗಟ್ಟಿಯಾಗಿ ಪಕ್ಕದ ಮನೆಯವರ ಪಂಪಿನ ಬೇಸ್ ಸೀಳಿಹೋಯಿತು. ನಮ್ಮದರ ಕಾರ್ಟ್ರಿಡ್ಜ್ ಬಿಚ್ಚಿ ಗ್ಯಾರೇಜ್‌ನಲ್ಲಿಟ್ಟಿದ್ದೆ, ಏನೂ ಆಗಲಿಲ್ಲ.

ಕಾರ್ಟ್ರಿಡ್ಜ್ ಒಂದನ್ನು ಒಮ್ಮೆ ಬದಲಿಸಿದ್ದೇನೆ, ಮೂವತ್ತು ನಲವತ್ತು ಡಾಲರ್ ಖರ್ಚು. ಒಂದು ಕಂಪನಿಯದು ಇನ್ನೊಂದರ ಬೇಸ್‌ಗೆ ಸಾಮಾನ್ಯವಾಗಿ ಕೂರುವುದಿಲ್ಲ, ಕೊಳ್ಳುವ ಮುನ್ನ ಮಾಡೆಲ್ ನಂಬರ್ ನೋಡಿಕೊಳ್ಳಿ. ಐದಕ್ಕೆ ನಾಲ್ಕು ನಕ್ಷತ್ರ. ಕಿಟ್‌ನಲ್ಲಿ ಬಾಲ್ ವಾಲ್ವ್ ಹಾಕಿ, ಟೈಮರ್ ತೆಗೆದರೆ ಐದನೆಯದನ್ನೂ ಕೊಡುತ್ತೇನೆ.